ಹೊಳಿ ಕಡೆ ಹೋದ ಕುರಿ

“ಕುರಿ ಮನ್ಯಾಗ ಅದಾವಲ್ಲೋ ಮಾಳಿಂಗ! ಅಪ್ಪ ಎಲ್ಲ್ಯಾನ?”

ಕ್ಯಾಪ್ಟನ್ ಯಲ್ಲಾಲಿಂಗನ ಕೂಗಿಗೆ ಊಟದ ಡೇರೆಯಲ್ಲಿದ್ದ ಜವಾನರೆಲ್ಲ ತಿರುಗಿ ನೋಡಿದರು. ಮೊಬೈಲಿನೊಳಗೆ ಅವನ ತಮ್ಮ ಮಾಳಿಂಗ ಕನ್ನೊಳ್ಳಿಯ ಮನೆಯ ಹಿತ್ತಲಲ್ಲಿ ನಿಂತಿದ್ದ. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಮಾತಾಡುತ್ತಾ ಹೊರಗೆ ಬಂದವನು, ಬೆನ್ನ ಹಿಂದೆ ದೊಡ್ಡಿ ಇದೆಯೆಂಬುದನ್ನೇ ಮರೆತಿದ್ದ. ದೊಡ್ಡಿಯ ತುಂಬ ಕುರಿ. ಒಂದೊಂದರ ಕುತ್ತಿಗೆಯ ಮೇಲೂ ಅಪ್ಪ ಅಮಸಿದ್ದ ಬಳಿಯುವ ಕೆಮ್ಮಣ್ಣಿನ ಪಟ್ಟೆ. ಬೇರೆಯವರ ಕುರಿ ಎಂದು ಸುಳ್ಳು ಹೇಳಲೂ ದಾರಿ ಇರಲಿಲ್ಲ.

ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ರಸ್ತೆ ಮಾಡಲು ಈ ದಕ್ಷಿಣ ಸುಡಾನಿಗೆ ಬಂದಾಗಿನಿಂದ ಯಲ್ಲಾಲಿಂಗನ ದಿನವೆಲ್ಲ ಸಿಟ್ಟಿನಲ್ಲೇ ಹೋಗುತ್ತಿತ್ತು. ಬೆಳಿಗ್ಗೆ ಹಾಕಿದ ಮೊರಮು ಮಣ್ಣು ಸಂಜೆಯ ಮಳೆಗೆ ಕೆಸರು. ರೋಲರ್ ಕೆಟ್ಟರೆ ಸಾಮಾನಿಗೆ ತಿಂಗಳುಗಟ್ಟಲೆ ಕಾಯಬೇಕು. ಮೇಲಿನವರಿಗೆ ಮಾತ್ರ ರಸ್ತೆ ನಿನ್ನೆಯೇ ಆಗಿರಬೇಕು. ಬದಿಯ ಹುಲ್ಲಿನಲ್ಲಿ ಹಳೆಯ ಯುದ್ಧದಲ್ಲಿ ಸಿಡಿಯದೆ ಉಳಿದ ಶೆಲ್ ಸಿಕ್ಕರೆ ಮದ್ದಿಟ್ಟು ಸಿಡಿಸುವ ಕೆಲಸವೂ ಅವನದೇ. ಊಟದ ಹೊತ್ತಿಗೆ ಊರಿಗೆ ಫೋನ್ ಮಾಡಿದರೆ ಪ್ರತಿಸಲವೂ ಒಂದೇ ಮಾತು: “ಅಪ್ಪ ಕುರಿ ಹೊಡಕೊಂಡು ಹೊಳಿ ಕಡೆ ಹೋಗ್ಯಾನ, ಅಲ್ಲಿ ಫೋನ್ ಹತ್ತಂಗಿಲ್ಲ.” ಕುರುಬರ ಮನೆಯಲ್ಲಿ ಹುಟ್ಟಿ, ತಿಂಗಳುಗಟ್ಟಲೆ ಅಪ್ಪನ ಮುಖ ಕಾಣದೆ ಬೆಳೆದವನು; ನಂಬಿಬಿಟ್ಟಿದ್ದ.

“ಹೇಳೋ! ಬಾಯಾಗ ಏನ್ ಇಟಗೊಂಡಿ?”

ಮಾಳಿಂಗನ ಮುಖ ಸರಿದು ಅವ್ವ ಇಂದ್ರಾಬಾಯಿಯ ಮುಖ ಬಂತು. ಹಣೆಯಲ್ಲಿ ಕುಂಕುಮ ಇರಲಿಲ್ಲ.

“ಅಪ್ಪ ಹೋಗಿ ಎರಡು ಅಮಾಸಿ ಆದುವಪಾ. ಎದಿ ಹಿಡಕೊಂತು. ಸಿಂದಗಿ ದವಾಖಾನಿ ಮುಟ್ಟಲಿಲ್ಲ.”

“ಹಿರೇ ಮಗ ನಾ! ಮಣ್ಣು ಕೊಡೋದು ನಂದು! ನನಗ ಹೇಳಬ್ಯಾಡ ಅಂತ ಯಾರು ಅಂದ್ರು?”

“ನಾನ ಅಂದೇನಿ. ಮದ್ದಿನ ಕೆಲಸ ಮಾಡಾಂವ ನೀ. ಹೇಳಿದ್ರ ಕೈ ನಡಗತಿತ್ತು. ಗಂಡನ್ನ ಕಳಕೊಂಡೇನಿ, ಮಗನ್ನೂ ಕಳಕೋಬೇಕಿತ್ತೇನು?”

“ನನ್ನ ಕೈ ನನಗ ಗೊತ್ತೈತಿ! ಹೊಳಿ ಅಂತ, ಕುರಿ ಅಂತ… ಎಲ್ಲಾರೂ ಕೂಡಿ ನನ್ನ ಹುಚ್ಚನ್ನ ಮಾಡಿದ್ರಲ್ಲಬೇ! ನಾಚಿಕಿ ಬರಲಿಲ್ಲ?”

“ಬೈಯಿ, ಬಾಯಿ ತುಂಬ ಬೈಯಿ,” ಎಂದಳು ಅವ್ವ. “ಬೈಯಾಕ ಜೀವಂತ ಅದಿಯಲ್ಲ, ಅಷ್ಟ ಸಾಕು.”

ಅವನು ಫೋನ್ ಕತ್ತರಿಸಿದ. ಎದುರಿಗೆ ಹವಾಲ್ದಾರ ಶಂಕರೆಪ್ಪ ತಲೆ ಎತ್ತದೆ ಅನ್ನ ಕಲಸುತ್ತಲೇ ಇದ್ದ. ಬಸವನ ಬಾಗೇವಾಡಿಯವನು, ಇಡೀ ತುಕಡಿಯಲ್ಲಿ ಮನೆಯ ಮಾತು ಆಡಲು ಅವನೊಬ್ಬನೇ ಇದ್ದ.

“ನಿನಗೂ ಗೊತ್ತಿತ್ತು.”

“ನಿಮ್ಮ ತಾಯಾರು ಫೋನ್ ಮಾಡಿ ಆಣಿ ಹಾಕಿದ್ರು ಸಾಹೇಬ್ರ.”

“ನಿನ್ನೆ ನನ್ನ ಎದುರಿಗೆ ಕುಂತು, ‘ಅಪ್ಪಾರು ಆರಾಮ ಅದಾರೇನ್ರಿ’ ಅಂತ ಕೇಳಿದೆಲ್ಲೋ ಹರಾಮಖೋರ!” ಯಲ್ಲಾಲಿಂಗ ತನ್ನ ತಟ್ಟೆಯನ್ನು ಎತ್ತಿ ಒಗೆದ. ಬೇಳೆ ಶಂಕರೆಪ್ಪನ ಬೂಟಿನ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳಲಿಲ್ಲ.

“ರಜಾ ಕೇಳ್ರಿ. ಇಲ್ಲನ್ನಂಗಿಲ್ಲ.”

“ಎದಕ್ಕ? ಎಲ್ಲಾ ಮುಗಿಸಿ ಕುಂತಾರ. ಹೋಗಿ ಏನ್ ಮಾಡ್ಲಿ, ಕುರಿ ಎಣಸ್ಲಿ?”

ಮರುದಿನ ಬೆಳಿಗ್ಗೆ ರೋಲರಿನ ಮುಂದೆಯೇ ಒಂದು ಶೆಲ್ ಸಿಕ್ಕಿತು. “ಇವತ್ತು ಬ್ಯಾರೆಯವರು ಹೋಗ್ಲಿ ಸಾಹೇಬ್ರ,” ಎಂದು ಶಂಕರೆಪ್ಪ ಅಡ್ಡ ಬಂದ. ಯಲ್ಲಾಲಿಂಗ ಅವನನ್ನು ಪಕ್ಕಕ್ಕೆ ತಳ್ಳಿದ. ಇಂಥ ಹೊತ್ತಿನಲ್ಲಿ ಹತ್ತಿರ ಹೋಗುವವನು ಒಬ್ಬನೇ. ಉಳಿದವರೆಲ್ಲ ಮರಳುಚೀಲಗಳ ಹಿಂದೆ ಸರಿದರು.

ಮೊಣಕಾಲೂರಿ ಕುಳಿತು ಶೆಲ್ಲಿನ ಪಕ್ಕ ಮದ್ದು ಇಟ್ಟ, ಸಿಡಿಸುವ ಕೇಪು ಸಿಕ್ಕಿಸಿದ, ತಂತಿ ಜೋಡಿಸಿದ. ದಿನಾ ಹೇಗೋ ಹಾಗೆಯೇ ಎಲ್ಲವೂ ಕೂತಿತು. ದೂರದಿಂದ ಶಂಕರೆಪ್ಪ, “ಆತೇನ್ರಿ ಸಾಹೇಬ್ರ?” ಎಂದು ಕೂಗುತ್ತಿದ್ದ. ಕೆಲಸ ಮುಗಿದಿತ್ತು, ಎದ್ದು ಹೋಗಬೇಕಿತ್ತು. ಯಲ್ಲಾಲಿಂಗ ಬಲಗೈಯನ್ನು ಮುಖದೆದುರು ಚಾಚಿ ಹಿಡಿದು ನೋಡುತ್ತ ಕುಳಿತ.

“ನಡಗು,” ಎಂದ ಹಲ್ಲು ಕಚ್ಚಿ. “ನಡಗೋ, ಹಾಳಾದ್ದ.”

ಅದು ನಡುಗಲಿಲ್ಲ.