ಖಾನಾವಳಿಗೆ ಬಂದ ಬುತ್ತಿ

ನಾನು ಒಂದು ವೆಬ್‌ಸೈಟ್. ಕೈಯಿಲ್ಲ, ಕಾಲಿಲ್ಲ, ಮೂಗಂತೂ ಮೊದಲೇ ಇಲ್ಲ. ಇಷ್ಟು ವರ್ಷ ಒಂದು ಖಾನಾವಳಿಯ ಹೆಸರು ಹೊತ್ತರೂ ಎಣ್ಣೆಗಾಯಿಯ ಘಮ ಹೇಗಿರುತ್ತದೆಂದು ಕೇಳಿದರೆ ನನಗೆ ಗೊತ್ತಿಲ್ಲ. ಯಾರು ಮೊಬೈಲಿನಲ್ಲಿ ನನ್ನನ್ನು ತೆರೆಯುತ್ತಾರೋ ಅವರ ಮುಖ ಕೆಳಗಿನಿಂದ ಕಾಣುತ್ತದೆ, ಮಾತು ಕೇಳುತ್ತದೆ, ಅಷ್ಟೇ.

ಹುಟ್ಟಿದ್ದು ಗದಗಿನ ಸ್ಟೇಷನ್ ರಸ್ತೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನು ಪಕ್ಕದ ಫಕೀರವ್ವನ ಖಾನಾವಳಿಯಲ್ಲಿ ದಿನಾ ಉಣ್ಣುತ್ತಿದ್ದ, ಆ ಅಭಿಮಾನಕ್ಕೆ ನನ್ನನ್ನು ಪುಕ್ಕಟೆ ಮಾಡಿಕೊಟ್ಟ. ಹಸಿರು ಮೈ, ಹಳದಿ ಅಕ್ಷರ, ಮೇಲ್ಗಡೆ ಮಿಣಮಿಣ ಮಿಟುಕುವ ‘ಸುಸ್ವಾಗತ’. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅವನ ಕಣ್ಣಿಗೆ ನಾನು ಚೆಂದವೇ. ಫೋನ್ ನಂಬರ್ ಹುಡುಕುವವರು ಮಾತ್ರ ಬೆವರುತ್ತಿದ್ದರು.

ಬರಬರುತ್ತ ಖಾನಾವಳಿಗೆ ಮಂದಿ ಕಡಿಮೆಯಾದರು. ಎದುರಿಗೇ ಗಾಜಿನ ಬಾಗಿಲಿನ ಹೋಟೆಲ್ ಬಂದಿತ್ತು. ಒಂದು ದಿನ ಮಗಳು ನನ್ನನ್ನು ತೆರೆದು ಕೂತಿದ್ದಾಗ ಫಕೀರವ್ವ ಅವಳಿಗೆ ಹೇಳಿದ್ದನ್ನು ನಾನೇ ಕೇಳಿದೆ.

“ದೀಪಾವಳಿತನಕ ನೋಡ್ತೀನಿ, ಮಹಾನಂದಾ. ಆಮ್ಯಾಗ ಬಾಗಲಾ ಹಾಕೂದ. ಮಾಡಿದ ರೊಟ್ಟಿ ಉಳದ್ರ ನನಗ ನಿದ್ದಿ ಬರೂದಿಲ್ಲ.”

ಬಾಗಿಲು ಹಾಕಿದ ಖಾನಾವಳಿಗೆ ವೆಬ್‌ಸೈಟ್ ಯಾಕೆ?

ಮಹಾನಂದಾ ಕೈಕಟ್ಟಿ ಕೂರುವವಳಲ್ಲ. “ಇದನ್ನ ನೋಡಿದ್ರ ಹಸದವರೂ ಓಡಿಹೋಗ್ತಾರ” ಎಂದು ನನ್ನನ್ನು ಬೈದು, ಫ್ಲೆಕ್ಸ್ ಅಂಗಡಿಯ ಈರಣ್ಣನಿಗೆ ಒಪ್ಪಿಸಿದಳು. ಊರಿನ ಕಂಬಗಳಲ್ಲಿ ನೇತಾಡುವ ಬ್ಯಾನರುಗಳೆಲ್ಲ ಅವನವೇ. ಹುಟ್ಟುಹಬ್ಬವಾಗಲಿ, ಸಾವಾಗಲಿ, ಎಲ್ಲದಕ್ಕೂ ಸೈ. ಈಗೀಗ ವೆಬ್‌ಸೈಟುಗಳನ್ನೂ ಮಾಡುತ್ತಿದ್ದ.

ಕೆಲಸ ಬಲ್ಲವನೇ, ಇಲ್ಲ ಅನ್ನಲಾರೆ. ಹಸಿರು ತೆಗೆದು ಬಿಳಿ ಬಳಿದ. ಮಿಟುಕುವುದನ್ನು ಕಿತ್ತೊಗೆದ. ಫೋನ್ ನಂಬರು, ಊಟದ ಹೊತ್ತು, ಬರುವ ದಾರಿ, ಎಲ್ಲವನ್ನೂ ಒಂದೇ ನೋಟಕ್ಕೆ ಸಿಗುವಂತೆ ಇಟ್ಟ. ನಾನು ಹೊಸ ಸೀರೆ ಉಟ್ಟವಳ ಹಾಗೆ ಬೀಗಿದೆ. ಕೊನೆಗೆ ಉಳಿದದ್ದು ಫಕೀರವ್ವನ ಫೋಟೊ. ಅಂಗಡಿಯಲ್ಲಿ ಅಂದು ಗಿರಾಕಿಗಳ ಗದ್ದಲ. ಅವಸರದಲ್ಲಿ ಈರಣ್ಣ ಬ್ಯಾನರಿಗೆಂದು ಮಾಡಿಟ್ಟಿದ್ದ ಒಂದು ಚೌಕಟ್ಟನ್ನೇ ಎತ್ತಿ ಫೋಟೊಕ್ಕೆ ತೊಡಿಸಿದ. ಸುತ್ತ ಸೇವಂತಿಗೆ ಹಾರ, ಅತ್ತಿತ್ತ ಉರಿಯುವ ದೀಪ. ಕೆಳಗೆ ಮಹಾನಂದಾ ಬರೆದುಕೊಟ್ಟ ಸಾಲು: ‘ಅವ್ವನ ಕೈರುಚಿ, ಎಂದೂ ಮರೆಯಲಾಗದು.’

ನನಗೆ ದಿಕ್ಕೇ ತೋಚಲಿಲ್ಲ. ಎಲಾ ಪುಣ್ಯಾತ್ಮ, ಬದುಕಿರುವವರ ಫೋಟೊಕ್ಕೆ ಹಾರ ಹಾಕುವುದುಂಟೇ? ಆದರೆ ಅವರು ಬರೆದದ್ದಷ್ಟೇ ನನ್ನ ಬಾಯಲ್ಲಿ ಬರುತ್ತದೆ. ಅವ್ವನನ್ನು ದೇವರ ಹಾಗೆ ಸಿಂಗರಿಸಿದ್ದಾನೆಂದು ಮಹಾನಂದಾ ಹಿಗ್ಗಿ, ಗೊತ್ತಿದ್ದವರಿಗೆಲ್ಲ ನನ್ನನ್ನು ಕಳಿಸಿಬಿಟ್ಟಳು.

ಮರುದಿನ ಬೆಳಗಿನಿಂದ ನೋಡಿದ ಮುಖಗಳನ್ನು ಏನೆಂದು ಹೇಳಲಿ! ತೆರೆದ ಬಾಯಿ ಮುಚ್ಚಲೊಲ್ಲದು. ಒಬ್ಬರು ಕೈಮುಗಿದರು. ಮದುವೆಯಾಗುವ ತನಕ ಫಕೀರವ್ವನ ಕೈಯಲ್ಲೇ ಉಂಡಿದ್ದ ಹೊಂಬಳ ಮಾಸ್ತರರಂತೂ ನನ್ನ ಮೇಲೆಯೇ ಕಣ್ಣೀರು ಹನಿಸಿದರು. ಸತ್ತವರ ಮನೆಗೆ ಫೋನ್ ಮಾಡಿ ‘ಹೌದೇನ್ರಿ’ ಎಂದು ಕೇಳಲು ಯಾರಿಗೆ ಬಾಯಿ ಬರುತ್ತದೆ? ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಬೇಕಾದವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಮಧ್ಯಾಹ್ನ ಮಹಾನಂದಾ ಮೊಬೈಲನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿ ನನ್ನನ್ನೇ ನೋಡುತ್ತ ಕೂತಿದ್ದಳು. ಮಾಸ್ತರರು ಡಬ್ಬಿ ಹಿಡಿದು ಒಳಬಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಯಾರೂ ಬರಿಗೈಯಲ್ಲಿಲ್ಲ. ಎದುರು ಹೋಟೆಲಿನ ಮಾಲೀಕರು ಕೂಡ ಪಾತ್ರೆ ತುಂಬ ಉಪ್ಪಿಟ್ಟು ತಂದು ತಲೆ ತಗ್ಗಿಸಿ ನಿಂತರು. ಶಿವನೇ, ಊರಿಗೆ ಉಣ್ಣಿಸಿದ ಖಾನಾವಳಿಗೇ ಬುತ್ತಿ!

ಅಷ್ಟರಲ್ಲಿ ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಫಕೀರವ್ವ ಹೊರಗೆ ಬಂದಳು. ಮಾಸ್ತರರು ಗೋಡೆ ಹಿಡಿದುಕೊಂಡರು.

“ಯಾಕ್ರಿ ಮಾಸ್ತರ, ದೆವ್ವಾ ಕಂಡಾಂಗ ನಿಂತೀರಿ?”

ಅವರು ತಮ್ಮ ಮೊಬೈಲಿನಲ್ಲಿ ನನ್ನನ್ನು ತೋರಿಸಿದರು. ಫಕೀರವ್ವ ನನ್ನನ್ನು ದಿಟ್ಟಿಸಿದಳು. ಆ ಮುಖ ನೋಡಿ, ಅಲ್ಲೇ ಅಳಿಸಿಹೋಗಬಾರದೇ ಅನ್ನಿಸಿತು. ಅವಳು ಬೈಯಲಿಲ್ಲ, ನಗಲೂ ಇಲ್ಲ. ಬಂದ ಡಬ್ಬಿಗಳನ್ನೆಲ್ಲ ಒಮ್ಮೆ ನೋಡಿದಳು.

“ಸತ್ತೀನಿ ಅಂದಕೂಡ್ಲೆ ಇಷ್ಟು ಮಂದಿ ಬಂದ್ರಿ. ಜೀವಂತ ಇದ್ದಾಗ ಯಾಕ ಬರಲಿಲ್ಲ?”

ಮಾಸ್ತರರು ಡಬ್ಬಿ ಕೆಳಗಿಟ್ಟರು. “ನೀ ಹ್ಯಾಂಗೂ ಇರ್ತೀ ಅಂತ ತಿಳಕೊಂಡಿದ್ವಿ, ಯವ್ವಾ.”

ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆತು, ತಂದದ್ದನ್ನ ಬಡಸ್ರಿ. ನನಗೂ ಹಸದೈತಿ” ಎಂದು ಪಂಕ್ತಿಯಲ್ಲಿ ಕೂತೇಬಿಟ್ಟಳು. ಅವ್ವ ಬಡಿಸಿಕೊಂಡು ಉಣ್ಣುವುದನ್ನು ಮಹಾನಂದಾ ಅಂದೇ ಮೊದಲು ನೋಡಿದ್ದು. ಗಲ್ಲಾಪೆಟ್ಟಿಗೆ ಬಿಟ್ಟು ಓಡಿಹೋಗಿ ಪಕ್ಕದಲ್ಲಿ ಕೂತು ಅತ್ತಳು.

ಹಾರ, ದೀಪ ಅಂದೇ ಹೋದವು. ದೀಪಾವಳಿಯೂ ಕಳೆಯಿತು, ಬಾಗಿಲು ಮುಚ್ಚಲಿಲ್ಲ. ಅಂದು ಬಂದವರೆಲ್ಲ ಮತ್ತೆ ಬಂದರು ಅಂದರೆ ಸುಳ್ಳಾದೀತು. ಖಾನಾವಳಿ ನಡೆಯುವಷ್ಟು ಮಂದಿ ಬಂದರು.

ಈಗ ನನಗೂ ವಯಸ್ಸಾಗಿದೆ. ಬರುವವರಿಗೆ ದಾರಿ ಗೊತ್ತು, ನನ್ನನ್ನು ತೆರೆಯುವವರಿಲ್ಲ. ಅದಕ್ಕೆ ಬೇಸರವಿಲ್ಲ. ಆದರೆ ಒಂದನ್ನು ನೆನೆದರೆ ಇವತ್ತಿಗೂ ಜೀವ ಝಲ್ಲೆನ್ನುತ್ತದೆ. ಅಂದು ನನ್ನ ಬಾಯಲ್ಲಿ ಆ ಸುಳ್ಳು ಬಾರದಿದ್ದರೂ ಆ ಮಂದಿ ಬುತ್ತಿ ಹೊತ್ತು ಒಂದು ದಿನ ಬಂದೇ ಬರುತ್ತಿದ್ದರು. ಉಣ್ಣಲು ಅವಳು ಇರುತ್ತಿರಲಿಲ್ಲ.