ಹೆಬ್ಬೆರಳಿನ ಜಿಡ್ಡು

ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹಲಗೆಗೆ ಅಂಟಿಸಿದ್ದ ಪಟ್ಟಿಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಹನ್ನೆರಡು ಲೋಹದ ಪಟ್ಟಿ. ಉಗುರಿಗಿಂತ ಚಿಕ್ಕವು, ಈರುಳ್ಳಿ ಸಿಪ್ಪೆಗಿಂತ ತೆಳು. ಉಸಿರನ್ನೂ ಪಕ್ಕಕ್ಕೆ ಬಿಡಬೇಕು. ಪ್ರಯೋಗಾಲಯದ ಕೋಣೆಯಲ್ಲಿ ನಾನು ಮತ್ತು ಅಕ್ಕನ ಗಂಡ ಇಬ್ಬರೇ.

ಈ ಪಟ್ಟಿಗಳಿಗೆ ಕರೆಂಟ್ ಕೊಟ್ಟು ಬಿಸಿ ಮಾಡುತ್ತಾರೆ. ಆಮೇಲೆ ದೊಡ್ಡ ಫ್ಯಾನ್ ತಿರುಗಿಸಿ ಹಲಗೆಯ ಮೇಲೆ ಗಾಳಿ ಹಾಯಿಸುತ್ತಾರೆ. ಗಾಳಿ ಹೆಚ್ಚು ಉಜ್ಜಿದಷ್ಟೂ ಹೆಚ್ಚು ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಪಟ್ಟಿಯ ಬಿಸಿ ಇಳಿಯದಿರಲು ಎಷ್ಟು ಕರೆಂಟ್ ಬೇಕಾಯಿತು ಎಂದು ನೋಡಿದರೆ ಉಜ್ಜಾಟ ಎಷ್ಟೆಂದು ಗೊತ್ತಾಗುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೂ ನೋಡಿ ನೋಡಿ ಅರ್ಥವಾಗಿತ್ತು. ಇವತ್ತಿನ ಹಲಗೆಗೆ ಹೊಸ ಬಣ್ಣ ಬಳಿದಿದ್ದರು. ಅದರ ಮೇಲೆ ಗಾಳಿ ಕಡಿಮೆ ಉಜ್ಜುತ್ತದೆ ಎಂದು ತೋರಿಸಿದರೆ, ಆ ಬಣ್ಣ ತಯಾರಿಸಿದ ನಮ್ಮ ಸಾಹೇಬರು ಗೆದ್ದ ಹಾಗೆ.

ಭಾವ ಕಿರುಬೆರಳನ್ನು ಕಿವಿಯೊಳಗೆ ತೂರಿಸಿ ತಿರುವಿದ. ಹೊರಗೆ ತೆಗೆದು ನೋಡಿದ. ಹೆಬ್ಬೆರಳಿಗೆ ತಿಕ್ಕಿದ. ಅದೇ ಹೆಬ್ಬೆರಳಿನಿಂದ ಹನ್ನೆರಡೂ ಪಟ್ಟಿಗಳನ್ನು ಒತ್ತುತ್ತಾ ಹೋದ.

“ಭಾವ, ಮುಟ್ಬಾರ್ದಲ್ವಾ?”

“ಸರಿಯಾಗಿ ಅಂಟಿದ್ಯಾ ಅಂತ ನೋಡ್ದೆ ಕಣೇ. ಅಬ್ಬಾ, ನಮ್ಮನೆ ಮೂಕಿಗೂ ಬಾಯಿ ಬಂತು!”

“ಇನ್ನೊಂದ್ಸಲ ಒರೆಸ್ಬಿಡ್ತೀನಿ.”

“ಸುಮ್ನಿರು, ಸಾಹೇಬ್ರು ಬಂದ್ರು. ನಮ್ಮನೇಲಿ ಉಂಡು ನಂಗೇ ಪಾಠ ಹೇಳ್ತೀಯಾ?”

ಹತ್ತಿಯನ್ನು ಕೆಳಗಿಟ್ಟೆ. ಕೆಲಸ ಕೊಡಿಸಿದವನು ಅವನು, ನಾನು ಮಲಗುವುದು ಅವನ ಸೂರಿನ ಕೆಳಗೆ.

ಫ್ಯಾನ್ ಗುಡುಗಿತು. ಪರದೆಯ ಮೇಲೆ ಹನ್ನೆರಡು ಅಂಕಿಗಳೂ ನಿನ್ನೆಯ ಬೋಳು ಹಲಗೆಯ ಅಂಕಿಗಳಿಗಿಂತ ಕೆಳಗಿಳಿದವು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

“ಏನು ಕೈಗುಣನಯ್ಯಾ ನಿಂದು!”

“ಎಲ್ಲಾ ನಿಮ್ಮ ಬಣ್ಣದ ಮಹಿಮೆ ಸಾರ್,” ಎಂದು ಭಾವ ಹಲ್ಲು ಕಿರಿದ.

ಸಾಹೇಬರು ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿದರು. ಆಮೇಲೆ ಭಾವ ಅದೇ ಕೈಯಿಂದ ಬಿಸ್ಕತ್ತು ಹಂಚಿದ. ನನಗೂ ಒಂದು ಬಂತು. ಅದರ ಅಂಚು ಮಿರಮಿರ ಹೊಳೆಯುತ್ತಿತ್ತು.

ಬಣ್ಣವೂ ಇಲ್ಲ, ಮಹಿಮೆಯೂ ಇಲ್ಲ. ಪಟ್ಟಿಗಳಿಗೆ ಜಿಡ್ಡಿನ ಕಂಬಳಿ ಹೊದಿಸಿದರೆ ಗಾಳಿಗೆ ಬಿಸಿ ಎಲ್ಲಿ ಸಿಗಬೇಕು? ಭಾವನ ಕಿವಿಯ ಕೊಳೆಯನ್ನು ಅಳೆದು ಇವರು ಕುಣಿಯುತ್ತಿದ್ದರು. ಅದಕ್ಕಿಂತ ಹೇಸಿಗೆಯೆಂದರೆ ಭಾವನಿಗೂ ಅದು ಗೊತ್ತಿತ್ತು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಸಾಹೇಬರು ವರದಿಯ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಸಹಿ ಬಿದ್ದರೆ ಮುಗಿಯಿತು. ಬಿಸ್ಕತ್ತನ್ನು ಕಸದ ಬುಟ್ಟಿಗೆ ಹಾಕಿ ಮೇಜಿನ ಹತ್ತಿರ ಹೋದೆ.

“ಸಾರ್, ಪಟ್ಟಿಗೆ ಜಿಡ್ಡಾಗಿದೆ.”

ಭಾವ ಅಗಿಯುವುದನ್ನು ನಿಲ್ಲಿಸಿದ. ಸಾಹೇಬರು ತಲೆ ಎತ್ತಿ ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ಮತ್ತೆ ಹಾಳೆಯ ಮೇಲೆ ಬಗ್ಗಿದರು.

“ನಾನು ಒರೆಸ್ಕೊಡ್ತೀನಿ ಸಾರ್. ಇನ್ನೊಂದೇ ಒಂದ್ಸಲ ಅಳೆದು ನೋಡಿ.”