ಮೇಳದ ಗುಡಿಸಲಿನ ಒಲೆ

"ಆ ಮೊಬೈಲ್ ಒಳಗಿಡೇ, ಬೇವಾರ್ಸಿ. ಕಾಡಿನೋರ ಕೈಲಿ ಮೊಬೈಲ್ ಕಂಡ್ರೆ ಟಿಕೆಟ್ ತಗೊಂಡೋರು ನನ್ನ ಮುಖಕ್ಕೆ ಉಗೀತಾರೆ."

ಧರ್ಮರಾಜ ಮೊದಲಾಳಿ ಬೈಯುವುದು ಮಾತ್ರ ಕನ್ನಡದಲ್ಲಿ. ಮೈಕಿನಲ್ಲಿ ಮಲಯಾಳ, ಪ್ರವಾಸಿಗರ ಎದುರು ಇಂಗ್ಲಿಷು. ಬತ್ತೇರಿ ಪೇಟೆಯ ಕಲಾಮೇಳಕ್ಕೆ ಅವನೇ ಸಂಚಾಲಕ, ಊರಿನ ಎರಡು ಲಾಡ್ಜು ಅವನವೇ; ಅದಕ್ಕೇ ಎಲ್ಲರಿಗೂ ಮೊದಲಾಳಿ, ಎಂದರೆ ಧಣಿ. ಮೈದಾನದ ನಡುವೆ ‘ಕಾಡಿನ ಮನೆ’ ಕಟ್ಟಿ, ಹತ್ತು ದಿನ ಅದರಲ್ಲಿ ಬದುಕಿ ತೋರಿಸಿ ಎಂದು ನೂಲ್ಪುಳದ ನಮ್ಮ ಹಾಡಿಯಿಂದ ಜೀಪಿಗೆ ತುಂಬಿಕೊಂಡು ಬಂದಿದ್ದ. ನನ್ನನ್ನು, ನನ್ನ ಗಂಡ ಸೋಮನ್‌ನನ್ನು, ಅತ್ತೆ ಕಾಳಿಯನ್ನು.

ಬಿದಿರು ಸೀಳಿ, ಹುಲ್ಲು ಹೊದಿಸಿ ಮೂರೇ ದಿನದಲ್ಲಿ ಕಟ್ಟಿದೆವು. ಒಂದು ಹನಿ ಸೋರುವುದಿಲ್ಲ. ಸರ್ಕಾರ ನಮಗೆಂದು ಕಟ್ಟಿಸುತ್ತಿರುವ ಮನೆ ಕಿಟಕಿ ಮಟ್ಟಕ್ಕೆ ಬಂದು ನಿಂತು ನಾಲ್ಕು ವರ್ಷವಾಯಿತು, ಕಂಟ್ರಾಕ್ಟರನ ಪತ್ತೆಯಿಲ್ಲ. ನಾವಿರುವುದು ನೀಲಿ ಟಾರ್ಪಾಲಿನ ಕೆಳಗೆ. ಥೂ, ಕಂಡವರ ಕಣ್ಣಿಗೆ ಮನೆ ಕಟ್ಟಿಕೊಟ್ಟೆವಲ್ಲ.

ಮೇಳದ ಎರಡನೆಯ ದಿನ ಮೊದಲಾಳಿಗೆ ಹೊಗೆ ಬೇಕಾಯಿತು. ಹೊಗೆ ಇಲ್ಲದೆ ಫೋಟೊ ಚೆನ್ನಾಗಿ ಬರುವುದಿಲ್ಲವಂತೆ. ಅತ್ತೆ ಆಗುವುದಿಲ್ಲ ಎಂದಳು. ನಮ್ಮಲ್ಲಿ ಹೊಸ ಮನೆಯ ಒಲೆಯನ್ನು ಆಟಕ್ಕೆ ಹಚ್ಚುವುದಿಲ್ಲ. ಹಿರಿಯ ಹೆಂಗಸು ಮೂರು ಕಲ್ಲಿಟ್ಟು ಹಚ್ಚಿ, ಮೊದಲ ತುತ್ತನ್ನು ಸತ್ತವರಿಗೆ ಇಟ್ಟರೆ ಅವರು ಬಂದು ಕೂರುತ್ತಾರೆ. ಆಮೇಲೆ ಹಚ್ಚಿದವಳು ಸಾಯುವ ತನಕ ಆ ಮನೆಯನ್ನು ಯಾರೂ ಕೀಳುವಂತಿಲ್ಲ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದಳು.

"ಹಂಗೇ ಆಗ್ಲಿ ಕಣಜ್ಜಿ, ಹಚ್ಚು," ಎಂದ.

ಅತ್ತೆ ಅದನ್ನು ಮಾತು ಕೊಟ್ಟದ್ದು ಎಂದುಕೊಂಡಳು. ನಮ್ಮ ಕಡೆ ಬಾಯಲ್ಲಿ ಅಂದರೆ ಕೊಟ್ಟಂತೆಯೇ. ಮೂರು ಕಲ್ಲಿಟ್ಟು ಹಚ್ಚಿ, ಮೊದಲ ತುತ್ತನ್ನು ಸತ್ತವರಿಗೆ ಇಟ್ಟಳು. ಅವನೋ, ಮಾರನೆಯ ದಿನದಿಂದ ಈ ಕಟ್ಟಳೆಯನ್ನೇ ಮೈಕಿನಲ್ಲಿ ಕೂಗಿ ಕೂಗಿ ಟಿಕೆಟ್ ಮಾರಿದ.

ಜನ ಮುಗಿಬಿದ್ದರು. ಲಾಡ್ಜುಗಳು ತುಂಬಿದವು, ಆಟೋದವರು ಬಾಡಿಗೆ ಏರಿಸಿದರು, ಚಹಾದಂಗಡಿಯವನು ಹೊಸ ಫ್ರಿಜ್ ತಂದ. ಕೊನೆಯ ದಿನ, ಮೇಳದಿಂದ ಊರೇ ಉದ್ಧಾರವಾಯಿತು ಎಂದು ಭಾಷಣ. ಅತ್ತೆಗೊಂದು ಶಾಲು. ಆ ಹತ್ತು ದಿನವೂ ಸೂಳೇಮಕ್ಕಳು ನಮಗೆ ಶೌಚಾಲಯದ ಬೀಗ ತೆಗೆಯಲಿಲ್ಲ.

ಹನ್ನೊಂದನೆಯ ಬೆಳಿಗ್ಗೆ ಜೆಸಿಬಿ ಬಂತು. ನಾಳೆ ಇಲ್ಲಿ ಸರ್ಕಸ್ ಟೆಂಟ್ ಹೊಡೆಯಬೇಕು, ಜೀಪು ಕಾಯುತ್ತಿದೆ, ಏಳಿ ಎಂದ ಮೊದಲಾಳಿ. ಅತ್ತೆ ತಲೆ ಎತ್ತದೆ ಒಲೆಗೆ ಸೌದೆ ತಳ್ಳಿದಳು.

"ಮೊದಲಾಳಿ, ಒಲೆ ಹಚ್ಚು ಅಂದಿದ್ದು ನೀನು. ಊರಿಗೆಲ್ಲ ಮೈಕಲ್ಲಿ ಹೇಳಿದ್ದೂ ನೀನೇ. ನಾನಿನ್ನೂ ಸತ್ತಿಲ್ಲ."

"ಅದೆಲ್ಲ ಶೋ ಕಣೇ, ಮುದಿ ಮುಂಡೆ. ಏಳ್ತೀಯೋ, ಎಳೆಸ್ಲೋ?"

ಆಟೋದವರು, ಚಹಾದಂಗಡಿಯವನು ಬಂದು ನೋಡುತ್ತ ನಿಂತರು. ಜೆಸಿಬಿಯ ಕೈ ಗುಡಿಸಲಿನ ಮಾಡಿಗೆ ತಗುಲಿ ಹುಲ್ಲು ನಮ್ಮ ತಲೆಯ ಮೇಲೆ ಉದುರಿತು. ಸೋಮನ್ ಬಾಗಿಲಿಗೆ ಅಡ್ಡ ಕೂತ. ನಾನು ಮೊಬೈಲ್ ತೆಗೆದು, ವಿಡಿಯೊ ಒತ್ತಿ, ಮೊದಲಾಳಿಯ ಮುಖಕ್ಕೇ ಹಿಡಿದೆ.

ಅತ್ತೆ ಗಡಿಗೆಯಲ್ಲಿ ಬಿದ್ದ ಹುಲ್ಲನ್ನು ಆರಿಸಿ ಹೊರಗೆಸೆದಳು. ನೀರು ಕುದಿಯುತ್ತಿತ್ತು.

"ಅಕ್ಕಿ ಹಾಕೇ, ಲತಿಕ," ಎಂದಳು. "ನಾಳಿಗೂ ಆಗೋಷ್ಟು ಹಾಕು."